ಮಗಳ ಜತೆ ಯುಕುಲೇಲೆ: ಕಾರ್ಡ್ ಬಿಟ್ಟು ಮೋಹನದಿಂದ ಶುರು ಮಾಡಿದೆವು

ಈ ಸಲ ದಸರಾ ಬೊಂಬೆಗಳ ಮುಂದೆ ಕೂತು ನಾನು ಮತ್ತು ಆರೂವರೆ ವರ್ಷದ ಮಗಳು ಮೋಹನ ರಾಗದ ಒಂದು ಗೀತೆಯನ್ನು ಯುಕುಲೇಲೆಯಲ್ಲಿ (ಗಿಟಾರಿನಂಥ ಪುಟ್ಟ ನಾಲ್ಕು ತಂತಿಯ ವಾದ್ಯ) ಪೂರ್ತಿ ನುಡಿಸಿದೆವು. ಎಲ್ಲೂ ನಿಲ್ಲಲಿಲ್ಲ. "ಅದು ಆಟದ ಸಾಮಾನಲ್ವಾ? ಮಗೂಗೆ ಮೊದಲು ಸರಳೆ ವರಸೆ ಹೇಳಿಸಿ" ಎಂದಿದ್ದ ನಮ್ಮ ಅತ್ತೆಯೇ ಪಕ್ಕದಲ್ಲಿ ಕೂತು ತಾಳ ಹಾಕಿದರು. ಅವರು ನಲವತ್ತು ವರ್ಷ ವೀಣೆ ನುಡಿಸಿದವರು. ಆ ತಾಳ ನನಗೆ ದೊಡ್ಡ ಸರ್ಟಿಫಿಕೇಟು.

ಅಲ್ಲಿಗೆ ಮುಟ್ಟಲು ಹನ್ನೊಂದು ತಿಂಗಳು ಹಿಡಿಯಿತು. ಖರ್ಚು ಸುಮಾರು 14,500 ರೂಪಾಯಿ. ಅದರಲ್ಲಿ ಆರು ಸಾವಿರ ನೀರಲ್ಲಿ ಹೋಮ.

ಮೊದಲು ತಂದದ್ದು 1,100 ರೂಪಾಯಿಯ ಬಣ್ಣದ ಸೊಪ್ರಾನೊ, ಅಂದರೆ ಚಿಕ್ಕ ಅಳತೆಯದು. ತಂತಿ ಬಿಗಿಸುವ ಬಿರಡೆ ನಿಲ್ಲುತ್ತಿರಲಿಲ್ಲ, ಶ್ರುತಿ ಮಾಡಿ ಐದು ನಿಮಿಷಕ್ಕೆ ಇಳಿದುಬಿಡುತ್ತಿತ್ತು. ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಎತ್ತರವಾಗಿದ್ದರಿಂದ ಮೊದಲ ಫ್ರೆಟ್ (ವೀಣೆಯ ಮೆಟ್ಟಿಲಿನಂಥದ್ದು) ಒತ್ತಲು ನನಗೇ ಕಷ್ಟ. ನಟ್‌ನ ಕಚ್ಚುಗಳನ್ನು ಸಣ್ಣ ಅರದಿಂದ ಉಜ್ಜಿದೆ. ಎ ತಂತಿಯ ಕಚ್ಚು ಜಾಸ್ತಿ ಆಳವಾಗಿ ಝುಂಯ್ ಎನ್ನತೊಡಗಿತು. ಕಚ್ಚಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ, ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟೆ. ಕಲ್ಲಿನ ಹಾಗೆ ಗಟ್ಟಿಯಾಯಿತು. ಮತ್ತೆ ಮೆಲ್ಲಗೆ ಉಜ್ಜಿದೆ, ಸರಿಹೋಯಿತು. ಆದರೆ ಬಿರಡೆಗೆ ನನ್ನ ಹತ್ತಿರ ಔಷಧಿ ಇರಲಿಲ್ಲ. ಕೊನೆಗೆ ಅವಳಿಗೆ 3,000ದ ಸೊಪ್ರಾನೊ, ನನಗೆ 4,500ರ ಕನ್ಸರ್ಟ್ (ಸ್ವಲ್ಪ ದೊಡ್ಡ ಅಳತೆಯದು) ತಂದೆ.

ಇನ್ನೈದು ಸಾವಿರ ಆನ್‌ಲೈನ್ ಕ್ಲಾಸಿಗೆ ಹೋಯಿತು. ಹನ್ನೆರಡು ಪಾಠಕ್ಕೆ ಮುಂಗಡ ಕೊಟ್ಟಿದ್ದೆ, ನಾಲ್ಕನೆಯದಕ್ಕೆ ಮಗಳು ಬಿಟ್ಟಳು. ಎಲ್ಲ ಕಡೆ ಸಿ ಕಾರ್ಡ್‌ನಿಂದ ಶುರು ಮಾಡುತ್ತಾರೆ (ಕಾರ್ಡ್ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಮೀಟುವುದು). ಒಂದೇ ಬೆರಳು, ಸುಲಭ ಅಂತ. ಆದರೆ ಅದು ಉಂಗುರ ಬೆರಳು, ಮೂರನೇ ಫ್ರೆಟ್. ಆರು ವರ್ಷದ ಮಗು ಆ ಬೆರಳನ್ನು ಒತ್ತಿದರೆ ಪಕ್ಕದ ಎರಡೂ ಜತೆಗೇ ಬರುತ್ತವೆ. ಮೇಲಾಗಿ ವಾದ್ಯ ಜಾರದ ಹಾಗೆ ಅದೇ ಕೈಯಲ್ಲಿ ಕುತ್ತಿಗೆಯನ್ನೂ ಹಿಡಿಯಬೇಕು. ತಂತಿ ಟಕ್ ಎನ್ನುತ್ತಿತ್ತೇ ಹೊರತು ನಾದ ಬರುತ್ತಿರಲಿಲ್ಲ. ಜಾರುವುದಕ್ಕೆ ಫ್ರಿಜ್ ಒಳಗೆ ಹಾಸುವ ಮ್ಯಾಟ್‌ನ ಒಂದು ತುಂಡನ್ನು ತೊಡೆ ಮೇಲೆ ಹಾಕಿದೆ. ಹತ್ತು ರೂಪಾಯಿಯ ಕೆಲಸ, ಇಂದಿಗೂ ನಡೆಯುತ್ತಿದೆ.

ದಾರಿ ತೋರಿಸಿದ್ದು ಖಾಲಿ ತಂತಿಗಳು. ನಾಲ್ಕು ತಂತಿಗಳನ್ನು ಜಿ ಸಿ ಇ ಎ (ಪಾಶ್ಚಾತ್ಯ ಸ್ವರಗಳ ಹೆಸರು) ಅಂತ ನಾವೆಲ್ಲ ದಿನಾ ಶ್ರುತಿ ಮಾಡುತ್ತೇವೆ. ಸಿಯನ್ನು ಷಡ್ಜ, ಅಂದರೆ ಸ ಅಂದುಕೊಳ್ಳಿ. ಪ, ಸ, ಗ, ದ! ಮೋಹನದ ಐದು ಸ್ವರದಲ್ಲಿ ನಾಲ್ಕು ಏನೂ ಒತ್ತದೆ ಸಿಗುತ್ತವೆ. ಜಿ ತಂತಿ ಮೇಲಿನ ಶ್ರುತಿಯಲ್ಲೇ ಇರುವುದರಿಂದ ನಾಲ್ಕೂ ಒಂದೇ ಸ್ಥಾಯಿ. ಬಾಕಿ ಇರುವುದು ರಿ ಮಾತ್ರ, ಅದು ಸಿ ತಂತಿಯ ಎರಡನೇ ಫ್ರೆಟ್.

ಮೊದಲ ಎರಡು ತಿಂಗಳು ಅವಳ ಎಡಗೈಗೆ ರಜೆ. ಅವಳು ನಾಲ್ಕು ತಂತಿ ಮೀಟುವುದು, ರಿ ಬಂದಾಗ ನಾನು ನನ್ನದರಲ್ಲಿ ಮೀಟುವುದು. ಮೂರನೇ ತಿಂಗಳು "ಅಪ್ಪಾ, ರಿ ನಂದು" ಎಂದು ಕಿತ್ತುಕೊಂಡಳು. ಮಧ್ಯದ ಬೆರಳು, ಎರಡನೇ ಫ್ರೆಟ್, ಸಲೀಸು. ಅಲ್ಲಿಂದ ಎ ಮೈನರ್ ಕಾರ್ಡ್ (ಅದೂ ಒಂದೇ ಬೆರಳು), ಆಮೇಲೆ ಎಫ್. ಸಿ ಬಂದದ್ದು ಐದನೇ ತಿಂಗಳಿಗೆ, ಅಳು ಇಲ್ಲದೆ. ಎಫ್‌ನಿಂದ ಸಿಗೆ ತಡವರಿಸದೆ ಹೋಗಲು ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನಮ್ಮ ಮನೆಯ ಗುಟ್ಟು.

ನಾನೂ ಹೊಸಬನೇ ಆಗಿದ್ದು ಒಳ್ಳೆಯದಾಯಿತು. ನಡುವೆ ಮೂರು ವಾರ ಮೇಷ್ಟ್ರ ಕೆಲಸ ಮಾಡಿದ್ದೆ: "ಪುಟ್ಟಿ, ಬೆರಳು ಬಗ್ಗಿಸು, ಪುಟ್ಟಿ, ನೆಟ್ಟಗೆ ಕೂತ್ಕೋ". ಅವಳು ವಾದ್ಯವನ್ನು ಸೋಫಾ ಕೆಳಗೆ ತಳ್ಳಿದಳು. ಆಮೇಲೆ ನಿಯಮ ಬದಲಿಸಿದೆ. ಹೊಸದೇನಿದ್ದರೂ ಮೊದಲು ಅವಳಿಗೆ, ನನಗೆ ಅವಳೇ ಹೇಳಿಕೊಡಬೇಕು. ನನ್ನ ಜಿ7 ಕಾರ್ಡ್ ಅವಳ ಕೈಯಿಂದ ಕಲಿತದ್ದು. ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಿ ಇಡುತ್ತಿದ್ದಳು, ತುಟಿ ಕಚ್ಚಿಕೊಂಡು.

ಹೊತ್ತು ಮುಖ್ಯ. ರಾತ್ರಿ ಊಟದ ಮೇಲೆ ಕೂತರೆ ಜಗಳ. ಬೆಳಿಗ್ಗೆ ಸ್ಕೂಲ್ ವ್ಯಾನ್ ಬರುವ ಮುಂಚೆ ಏಳೆಂಟು ನಿಮಿಷ, ಅಷ್ಟೇ. ಇನ್ನೂ ಬೇಕು ಎನ್ನುವಾಗಲೇ ಎತ್ತಿಡುತ್ತೇನೆ.

ನಡುವೆ ಒಂದು ಪ್ರಯೋಗವೂ ಆಯಿತು. ಮೀನು ಹಿಡಿಯುವ ಫ್ಲೋರೋಕಾರ್ಬನ್ ದಾರವನ್ನು ಎ ತಂತಿಗೆ ಕಟ್ಟಿದೆ, ಸುಮಾರು 200 ರೂಪಾಯಿ. ನಾದ ಚುರುಕಾಗಿತ್ತು, ನಿಜ. ಗಂಟು ಎರಡು ಸಲ ಜಾರಿತು, ಕೈಬಿಟ್ಟೆ. ಬೇಸಿಗೆ ರಜೆಯಲ್ಲಿ ನಾಲ್ಕೂ ತಂತಿಯನ್ನು ಒಂದು ಸ್ವರ ಇಳಿಸಿ ನೋಡಿದೆ. ಬಿಗಿ ಕಮ್ಮಿಯಾಗಿ ಅವಳ ಬೆರಳ ತುದಿಯ ಗೆರೆಗಳು ಮಾಯ. ಇದನ್ನು ಯಾರು ಬೇಕಾದರೂ ಮಾಡಬಹುದು.

ಹವಾಯಿ ಭಾಷೆಯಲ್ಲಿ ಯುಕುಲೇಲೆ ಅಂದರೆ ಹಾರುವ ಚಿಗಟ ಎಂದು ಹೇಳಿದ ದಿನದಿಂದ ಅವಳದ್ದರ ಹೆಸರು ಚಿಗಟ.

ಈಗ ಮಾಯಾಮಾಳವಗೌಳ ರಾಗದ ಸರಳೆ ವರಸೆ ಹಿಡಿದಿದ್ದೇವೆ, ಅತ್ತೆಯ ಆಸೆ. ಇದರ ರಿ, ದ ಮೋಹನದ್ದಕ್ಕಿಂತ ಕೆಳಗಿನವು. ರಿ ಸಿ ತಂತಿಯ ಮೊದಲ ಫ್ರೆಟ್, ಗ ಖಾಲಿ ಇ, ಮ ಅದರ ಮೊದಲ ಫ್ರೆಟ್, ಪ ಮೂರನೆಯದು, ದ ನಾಲ್ಕನೆಯದು. ಆ ದಗೆ ಅವಳ ಕಿರುಬೆರಳು ಇನ್ನೂ ನಿಲುಕುವುದಿಲ್ಲ. ಸದ್ಯ ದ ನನ್ನದು.