ಸಮರೂಪತೆಗೆ ಕಾರಣ ಬರೆಸಿದ್ದು: ನನ್ನ ಅನುಭವ

ಎರಡು ತ್ರಿಭುಜಗಳು ಸಮರೂಪ, ಅಂದರೆ ಅಳತೆ ಬೇರೆಯಾದರೂ ಆಕಾರ ಒಂದೇ, ಎಂದು ಗುರುತಿಸುವುದು ಹತ್ತನೆಯ ತರಗತಿಯ ಮಕ್ಕಳಿಗೆ ಕಷ್ಟವಲ್ಲ. ಚಿತ್ರ ನೋಡಿದ ಕೂಡಲೇ ಹೇಳಿಬಿಡುತ್ತಾರೆ. ಯಾಕೆ ಎಂದು ಕೇಳಿದರೆ ಮಾತ್ರ "ಕಾಣ್ತದಲ್ಲ ಸರ್" ಎನ್ನುತ್ತಾರೆ. ಅಂಕ ಹೋಗುವುದು ಅಲ್ಲೇ. ಕುಮಟಾ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಈ "ಕಾಣ್ತದಲ್ಲ"ವನ್ನು ಓಡಿಸಲು ಮೂರ್ನಾಲ್ಕು ವರ್ಷ ಹಿಡಿಯಿತು. ವಿಷಯ ಶಿಕ್ಷಕರ ಸಭೆಯೊಂದರಲ್ಲಿ ಹಿರಿಯರೊಬ್ಬರು, "ಮೂರು ಅಂಕಕ್ಕೆ ಇಷ್ಟು ಒದ್ದಾಟ ಎಂತಕ್ಕೆ ಮಾರಾಯ್ರೆ? ಪಾಸಿಂಗ್ ಪ್ಯಾಕೇಜಿನ ಪ್ರಮೇಯ ಬಾಯಿಪಾಠ ಮಾಡಿಸಿ, ಸಾಕು" ಎಂದಿದ್ದರು. ಈಗ ಫಲಿತಾಂಶ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ನಿಯಮ ಒಂದೇ. ಯಾವ ಶೃಂಗಕ್ಕೆ (ಮೂಲೆಗೆ) ಯಾವ ಶೃಂಗ ಎಂಬ ಜೋಡಿಪಟ್ಟಿ ಮೊದಲು, ತ್ರಿಭುಜಗಳ ಹೆಸರು ಆಮೇಲೆ. ಪಟ್ಟಿಯಲ್ಲಿ ಮೂರು ಸಾಲು, ಪ್ರತಿ ಸಾಲಿನ ಎದುರು ಕಾರಣ. ಕಾರಣ ಎಂದು ಒಪ್ಪುವುದು ಇಷ್ಟನ್ನು ಮಾತ್ರ: ದತ್ತ, ಸಾಮಾನ್ಯ ಕೋನ, ಶೃಂಗಾಭಿಮುಖ ಕೋನ, ಎರಡೂ 90 ಡಿಗ್ರಿ, ಸಮಾಂತರ ರೇಖೆಗಳಿಂದ ಬಂದ ಪರ್ಯಾಯ ಕೋನ ಅಥವಾ ಅನುರೂಪ ಕೋನ. ಸಮಾಂತರ ಎಂದವರು ಯಾವ ಎರಡು ರೇಖೆ, ಛೇದಕ ಯಾವುದು ಎಂದೂ ಬರೆಯಬೇಕು, ಇಲ್ಲದಿದ್ದರೆ ಕೆಂಪು ಗೆರೆ. ಎರಡು ಸಾಲಿಗೆ ಕಾರಣ ಸಿಕ್ಕಿತೆಂದರೆ ಮೂರನೆಯದು ತಾನಾಗಿ ಬೀಳುತ್ತದೆ. ಆಮೇಲೆ ಪಟ್ಟಿಯ ಎಡಗಡೆಯನ್ನು ಮೇಲಿಂದ ಕೆಳಗೆ ಓದಿದರೆ ಒಂದು ತ್ರಿಭುಜದ ಹೆಸರು, ಬಲಗಡೆ ಓದಿದರೆ ಇನ್ನೊಂದರದು.

ಇದರ ಬೆಲೆ ಗೊತ್ತಾಗುವುದು ಲಂಬಕೋನ ತ್ರಿಭುಜದ ಲೆಕ್ಕದಲ್ಲಿ. ಎಬಿಸಿಯಲ್ಲಿ ಬಿ ಲಂಬಕೋನ, ಬಿಯಿಂದ ಎಸಿಗೆ ಎಳೆದ ಲಂಬ ಎಸಿಯನ್ನು ಡಿಯಲ್ಲಿ ಮುಟ್ಟುತ್ತದೆ. ಬಹುಪಾಲು ಮಕ್ಕಳು ಎಬಿಡಿ ಮತ್ತು ಎಬಿಸಿ ಸಮರೂಪ ಎಂದು ಬರೆದುಬಿಡುತ್ತಾರೆ. ನಾನು ತಿದ್ದುವುದಿಲ್ಲ, ಅನುಪಾತ ಬರೆಯಿರಿ ಎನ್ನುತ್ತೇನೆ. ಮೊದಲ ಅನುಪಾತವೇ ಎಬಿ ಭಾಗಿಸು ಎಬಿ, ಅಂದರೆ 1. ಹಾಗಾದರೆ ಬಿಡಿಯೂ ಬಿಸಿಯೂ ಸಮ ಆಗಬೇಕು. ಬಾಹುಗಳು 6, 8, 10 ಎಂದು ಕೊಟ್ಟು ಅಳೆಯಿಸಿದರೆ ಬಿಡಿ 4.8, ಬಿಸಿ 8. ತರಗತಿ ಗಪ್‌ಚಿಪ್. ಆಗ ಪಟ್ಟಿ ಮಾಡಿಸುತ್ತೇನೆ: ಎಗೆ ಎ, ಸಾಮಾನ್ಯ ಕೋನ. ಡಿಗೆ ಬಿ, ಎರಡೂ 90. ಬಿಗೆ ಸಿ, ಉಳಿದದ್ದು. ಎಡಿಬಿಗೆ ಎಬಿಸಿ. ಈಗ ಎಬಿಯ ವರ್ಗ ಎಡಿ ಮತ್ತು ಎಸಿಯ ಗುಣಲಬ್ಧಕ್ಕೆ ಸಮ. ಎಡಿ 3.6, ಎಸಿ 10, ಗುಣಿಸಿದರೆ 36. ತಾಳೆಯಾಯಿತು.

ಪಟ್ಟಿಗೆ ಮೊದಲು ನಾನು ಸಾಮಗ್ರಿಯ ಮೇಲೆ ದುಡ್ಡು ಸುರಿದದ್ದುಂಟು. ಬಡಗಿಯಿಂದ ಪ್ಲೈವುಡ್ ತ್ರಿಭುಜ ಕೊಯ್ಸಿದೆ, ಹತ್ತಿರ ಹತ್ತಿರ 1,500 ರೂಪಾಯಿ. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ, ಆಷಾಢದ ಹೊತ್ತಿಗೆ ಅಂಚು ಉಬ್ಬಿ ಒಂದರ ಕೋನ ಇನ್ನೊಂದಕ್ಕೆ ಕೂರದಾಯಿತು. ರಟ್ಟಿನದು ಬೂಷ್ಟು ಹಿಡಿಯಿತು. ಥರ್ಮಾಕೋಲಿನ ಮೂಲೆ ಒಂದೇ ವಾರಕ್ಕೆ ಮುರಿದು ಹೋಯಿತು. ಕೊನೆಗೆ ನಿಂತದ್ದು ಬೈಂಡಿಂಗ್ ಅಂಗಡಿಯ ಪಾರದರ್ಶಕ ಹಾಳೆ. ಒಂದಕ್ಕೆ ಐದಾರು ರೂಪಾಯಿ, ಇಡೀ ತರಗತಿಗೆ 250ರ ಒಳಗೆ ಮುಗಿಯಿತು. ಎಡಿಬಿಯನ್ನು ಹಾಳೆಯ ಮೇಲೆ ನಕಲು ಮಾಡಿ, ಮಗುಚಿ ಹಾಕಿ, ಎ ಮೂಲೆಗೆ ಕೂರಿಸಿದರೆ ಎಡಿ ಬಂದು ಎಬಿಯ ಮೇಲೆ ಮಲಗುತ್ತದೆ, ಚಿಕ್ಕದರ ಮೂರನೆಯ ಬಾಹು ಬಿಸಿಗೆ ಸಮಾಂತರವಾಗಿ ನಿಲ್ಲುತ್ತದೆ. ಒಂದು ಬಾಹುವಿಗೆ ಸಮಾಂತರವಾದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಕಡಿಯುತ್ತದೆ ಎಂಬ ಥೇಲ್ಸ್ ಪ್ರಮೇಯ ಅಲ್ಲೇ ಕಣ್ಣಿಗೆ ಬೀಳುತ್ತದೆ. ಎರಡು ಚಿಕ್ಕ ತ್ರಿಭುಜಗಳನ್ನು ಒಂದಕ್ಕೊಂದು ಹೊಂದಿಸಲು ಮಗುಚುವುದೂ ಬೇಡ, ತಿರುಗಿಸಿದರೆ ಸಾಕು. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತೋರಿಸಿದಳು.

ಬಾ.ಕೋ.ಬಾ.ದಲ್ಲಿ (ಬಾಹು-ಕೋನ-ಬಾಹು: ಎರಡು ಜೋಡಿ ಬಾಹುಗಳ ಅನುಪಾತ ಒಂದೇ, ನಡುವಿನ ಕೋನ ಸಮ) ತೊಡಕು ಬೇರೆ. ಕೋನ ಎರಡು ಬಾಹುಗಳ ನಡುವಿನದೇ ಆಗಬೇಕು ಎಂದು ನೂರು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ಕೈಯಾರೆ ಎಳೆದರೆ ಹೋಗುತ್ತದೆ. ಎಯಲ್ಲಿ 30 ಡಿಗ್ರಿ, ಎಬಿ 8 ಸೆಂ.ಮೀ., ಬಿಯಿಂದ 5 ಸೆಂ.ಮೀ. ಕಂಸ. ಕಂಸ ತಳದ ಗೆರೆಯನ್ನು ಎರಡು ಕಡೆ ಕಡಿಯುತ್ತದೆ, ಎಯಿಂದ 3.9ರ ಸುಮಾರಿಗೆ ಒಮ್ಮೆ, 9.9ರ ಸುಮಾರಿಗೆ ಇನ್ನೊಮ್ಮೆ. ಅದೇ ಕೋನ, ಅವೇ ಎರಡು ಬಾಹು, ತ್ರಿಭುಜ ಮಾತ್ರ ಎರಡು. ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಆರನೆಯ ಪುಸ್ತಕದ 7ನೆಯ ಪ್ರಮೇಯದಲ್ಲಿ ಇದೇ ಸಂದರ್ಭಕ್ಕೆ ಹೆಚ್ಚಿನ ಷರತ್ತು ಹಾಕಿ ಒಪ್ಪಿದ್ದಾನೆ. ಚುರುಕಿನ ಮಕ್ಕಳಿಗೆ ಅದನ್ನೂ ಹೇಳಿ, ಬಿಡಬೇಡಿ. ಮೂರೂ ಬಾಹುಗಳ ಅನುಪಾತ ನೋಡುವ ಬಾ.ಬಾ.ಬಾ. ಬಗ್ಗೆ ಹೆಚ್ಚು ಹೇಳುವುದಿಲ್ಲ: ಎರಡರ ಬಾಹುಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಬರೆಸಿ, ಆಮೇಲೆ ಭಾಗಿಸಿ.

ನಡುವೆ ಸಮರೂಪತೆಯಿಂದ ತೆಂಗಿನ ಮರದ ಎತ್ತರ ಅಳೆಯಲೂ ಹೋದೆವು. ಜುಲೈಯಲ್ಲಿ ನೆರಳು ಎಲ್ಲಿಂದ ತರುವುದು? ಹಾಗಾಗಿ ನೆಲಕ್ಕೆ ಕನ್ನಡಿ ಇಟ್ಟು, ಅದರಲ್ಲಿ ಮರದ ತುದಿ ಕಾಣುವಲ್ಲಿ ನಿಂತೆವು. ಕಣ್ಣಿನ ಎತ್ತರ ಒಂದೂವರೆ ಮೀಟರ್, ಕಾಲಿನಿಂದ ಕನ್ನಡಿಗೆ 1.2, ಕನ್ನಡಿಯಿಂದ ಬುಡಕ್ಕೆ 9. ಲೆಕ್ಕ ಹನ್ನೊಂದು ಮೀಟರ್ ಚಿಲ್ಲರೆ. ಕಾಯಿ ಕೊಯ್ಯುವವರು ಹಗ್ಗ ಇಳಿಬಿಟ್ಟಾಗ ಅರ್ಧ ಮೀಟರೂ ವ್ಯತ್ಯಾಸ ಬರಲಿಲ್ಲ. ಮರ ನೆಟ್ಟಗಿರಬೇಕು, ಕಡಲ ಬದಿಯ ಬಾಗಿದ ಮರ ಹಿಡಿದರೆ 90 ಡಿಗ್ರಿಯ ಕಾರಣವೇ ಬಿದ್ದು ಹೋಗುತ್ತದೆ. ಎರಡನೆಯ ಕೋನಕ್ಕೆ ಕಾರಣ ಏನು ಎಂದು ಒಬ್ಬ ಪಟ್ಟು ಹಿಡಿದ. ಪತನ ಕೋನ ಪ್ರತಿಫಲನ ಕೋನಕ್ಕೆ ಸಮ ಎಂದು ವಿಜ್ಞಾನದ ಪಾಠದಿಂದ ತಾನೇ ಎತ್ತಿ ತಂದ. ಅಂದಿನಿಂದ ನಮ್ಮ ಪಟ್ಟಿಗೆ ಅದೂ ಒಂದು ಕಾರಣ.

ಕಳೆದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಲವತ್ತು ಚಿಲ್ಲರೆ ಮಕ್ಕಳ ಪೈಕಿ ಐದಾರು ಮಂದಿ ಬಿಟ್ಟು ಎಲ್ಲರೂ ಕಾರಣ ಸಮೇತ ಬರೆದರು. ಮೊದಲು ಅರ್ಧದಷ್ಟು ಮಂದಿ ಆ ಪ್ರಶ್ನೆಯನ್ನೇ ಮುಟ್ಟುತ್ತಿರಲಿಲ್ಲ. ಸಭೆಯ ಆ ಹಿರಿಯರು ಜೋಡಿಪಟ್ಟಿಯ ಹಾಳೆ ಕೇಳಿ ಪಡೆದರು. ಎರಡನೆಯ ಕೋನ ಹೊಳೆಯದೆ ಕೂತವರಿಗೆ ನಾನು ಕೇಳುವ ಪ್ರಶ್ನೆಯೊಂದಿದೆ, ಅದನ್ನು ಸದ್ಯ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಪಾರದರ್ಶಕ ಹಾಳೆ ತರುವವರು ದಪ್ಪನೆಯದನ್ನೇ ಕೇಳಿ ತನ್ನಿ, ತೆಳುವಾದದ್ದು ಮಗುಚುವಾಗ ಸುರುಳಿಯಾಗುತ್ತದೆ.