ಚಾಂಪಿಯನ್ ತಂಡದ ಒಂದು ಋತುವನ್ನು ಓದುವ ಬಗೆ: ವರ್ಜೀನಿಯಾ, 2018–19

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನಮ್ಮಲ್ಲಿ ಬಹುಮಟ್ಟಿಗೆ ಮಾರ್ಚ್ ತಿಂಗಳ ಆಟವಾಗಿಯೇ ಪರಿಚಿತ. ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಡೆಸುವ 68 ತಂಡಗಳ ರಾಷ್ಟ್ರೀಯ ಟೂರ್ನಿಯಲ್ಲಿ ಒಂದು ಸೋಲೆಂದರೆ ಊರಿಗೆ ಹಿಂದಿರುಗುವುದೇ ಆದ್ದರಿಂದ ಅದರ ರೋಚಕತೆಗೆ ಎಣೆಯಿಲ್ಲ. ಆದರೆ ಅಗ್ರ ಶ್ರೇಯಾಂಕದ ತಂಡವೊಂದು ಕಪ್ ಗೆಲ್ಲಲು ಆಡುವುದು ಆರೇ ಪಂದ್ಯ. ಆ ಆರು ಪಂದ್ಯಗಳಿಂದ ಕಪ್ ಯಾರ ಕೈಸೇರಿತು ಎಂದು ತಿಳಿಯುತ್ತದೆಯೇ ಹೊರತು, ಗೆದ್ದದ್ದು ಎಂಥ ತಂಡ ಎಂದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಇಡೀ ಋತುವನ್ನು ಓದಬೇಕು. ಓದುವ ಕ್ರಮವನ್ನು ಇಲ್ಲಿ 2018–19ರ ವರ್ಜೀನಿಯಾ ವಿಶ್ವವಿದ್ಯಾಲಯದ ಪುರುಷರ ತಂಡದ ಮೂಲಕ ವಿವರಿಸಿದ್ದೇನೆ. ಆ ವರ್ಷ ಅದು 38 ಪಂದ್ಯಗಳಲ್ಲಿ 35 ಗೆದ್ದು, ತನ್ನ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು.

ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ಸಾಲಿಗೊಂದು ಪಂದ್ಯದಂತೆ 38 ಸಾಲು. ದಿನಾಂಕ, ಎದುರಾಳಿ, ಆಡಿದ ಸ್ಥಳ, ಫಲಿತಾಂಶ ಇಷ್ಟಿದ್ದರೆ ಸಾಕು. ಸ್ಥಳವನ್ನು ಮಾತ್ರ ಮರೆಯಬೇಡಿ: ತವರಿನ ಅಂಗಣ, ಎದುರಾಳಿಯ ಅಂಗಣ, ತಟಸ್ಥ ಅಂಗಣ ಎಂಬ ಮೂರು ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಟೂರ್ನಿಯ ಆಯ್ಕೆ ಸಮಿತಿಯೂ ಹಾಗೆಯೇ ನೋಡುತ್ತದೆ. ಆ ಋತುವಿನಿಂದಲೇ ಅದು ತಂಡಗಳನ್ನು ಅಳೆಯಲು ಹಳೆಯ ಆರ್‌ಪಿಐ ಸೂಚ್ಯಂಕವನ್ನು ಬಿಟ್ಟು ನೆಟ್ ಎಂಬ ಹೊಸ ಕ್ರಮಾಂಕವನ್ನು ಬಳಸಲಾರಂಭಿಸಿತು. ಪಟ್ಟಿಯನ್ನು ನಾಲ್ಕು ಭಾಗ ಮಾಡಿದರೆ ಋತುವಿನ ಆಕಾರ ಕಣ್ಣಿಗೆ ಕಾಣುತ್ತದೆ. ತನ್ನ ಲೀಗ್‌ನ ಹೊರಗಿನ ತಂಡಗಳೊಡನೆ 12 ಪಂದ್ಯ, ಹನ್ನೆರಡೂ ಗೆಲುವು. ಎಸಿಸಿ ಎಂಬ ತನ್ನದೇ ಲೀಗ್‌ನಲ್ಲಿ 18 ಪಂದ್ಯ, 16 ಗೆಲುವು. ಎಸಿಸಿಯ ಪ್ರತ್ಯೇಕ ಟೂರ್ನಿಯಲ್ಲಿ ಒಂದು ಗೆಲುವು, ಒಂದು ಸೋಲು. ಕೊನೆಗೆ ರಾಷ್ಟ್ರೀಯ ಟೂರ್ನಿಯ ಆರು ಗೆಲುವು.

ಪಟ್ಟಿಯ ಮೊದಲ ಸಾಲಿಗಿಂತ ಮೇಲೆ, ಹಿಂದಿನ ಋತುವಿನ ಕಡೆಯ ಪಂದ್ಯವನ್ನು ಬರೆಯಿರಿ. ಕಾಲೇಜು ತಂಡದ ಆಟಗಾರರು ವರ್ಷ ವರ್ಷವೂ ಬದಲಾಗುತ್ತಾರಾದರೂ ಕೋಚ್ ಮತ್ತು ಆಟದ ಕ್ರಮ ಉಳಿಯುತ್ತವೆ. ವರ್ಜೀನಿಯಾದ ವಿಷಯದಲ್ಲಿ ಆ ಸಾಲು ಚರಿತ್ರೆಗೆ ಸೇರಿದ್ದು. 2018ರ ಮಾರ್ಚ್ 16ರಂದು ಷಾರ್ಲೆಟ್ ನಗರದಲ್ಲಿ, ಇಡೀ ಟೂರ್ನಿಗೇ ಮೊದಲ ಶ್ರೇಯಾಂಕ ಪಡೆದಿದ್ದ ಈ ತಂಡ, ಟೂರ್ನಿಯ ನಾಲ್ಕು ವಿಭಾಗಗಳಲ್ಲೊಂದರ ಕೊನೆಯ ಶ್ರೇಯಾಂಕವಾದ 16ನೆಯದನ್ನು ಪಡೆದಿದ್ದ ಯುಎಂಬಿಸಿ ಎಂಬ ವಿಶ್ವವಿದ್ಯಾಲಯದ ತಂಡಕ್ಕೆ 74–54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಅದಕ್ಕೆ ಮೊದಲು ಇಂಥ ಜೋಡಿಗಳ 135 ಪಂದ್ಯಗಳು ನಡೆದಿದ್ದು, ಒಂದರಲ್ಲೂ ಅಗ್ರ ಶ್ರೇಯಾಂಕದ ತಂಡ ಸೋತಿರಲಿಲ್ಲ. ಮರುವರ್ಷದ ಗೆಲುವನ್ನು ಈ ಅವಮಾನಕ್ಕೆ ಉತ್ತರವೆಂದು ಹೇಳುವ ಕಥೆ ಎಲ್ಲೆಡೆ ಕೇಳಿಬರುತ್ತದೆ. ಕೇಳಲು ಸೊಗಸಾದ ಈ ಕಥೆಯನ್ನು ಸ್ವಲ್ಪ ದೂರವೇ ಇಡುವುದು ಲೇಸು. ಸೋತ ಆ ವರ್ಷವೂ ವರ್ಜೀನಿಯಾ 31 ಪಂದ್ಯ ಗೆದ್ದು ಮೂರನ್ನಷ್ಟೇ ಸೋತಿತ್ತು. ಅಂದು ಅದರ ಪ್ರಮುಖ ಆಟಗಾರರಲ್ಲೊಬ್ಬರಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗಿದ್ದರು. ಮತ್ತು ಮಧ್ಯಂತರದ ಹೊತ್ತಿಗೆ ಪಂದ್ಯ 21–21ರಲ್ಲಿ ಸಮವಾಗಿತ್ತು. ಯುಎಂಬಿಸಿ ದೂರದ ಗೆರೆಯ ಹೊರಗಿನಿಂದ ಎಸೆಯುವ ಮೂರು ಪಾಯಿಂಟಿನ 24 ಯತ್ನಗಳಲ್ಲಿ 12 ಬುಟ್ಟಿ ಗಳಿಸಿತು ಎಂಬ ಅಂಕಿಯನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಲೆಕ್ಕದ ಮಾತು. ಕಾಲೇಜಿನ ಪುರುಷರ ಪಂದ್ಯ 20 ನಿಮಿಷಗಳ ಎರಡು ಅವಧಿಯದು, ಒಂದು ದಾಳಿಗೆ ಶಾಟ್ ಕ್ಲಾಕ್ ಕೊಡುವ ಸಮಯ 30 ಸೆಕೆಂಡ್. ಹೀಗಾಗಿ ನಿಧಾನವಾಗಿ ಆಡುವ ತಂಡಕ್ಕೂ ಬಿರುಸಾಗಿ ಆಡುವ ತಂಡಕ್ಕೂ ಸಿಗುವ ಅವಕಾಶಗಳ ಸಂಖ್ಯೆಯಲ್ಲಿ ಬಹಳ ಅಂತರವಿರುತ್ತದೆ, ಒಟ್ಟು ಪಾಯಿಂಟ್ ನೋಡಿ ತಂಡದ ಬಲವನ್ನು ಅಳೆಯಲಾಗದು. ಕ್ರಿಕೆಟ್‌ನಲ್ಲಿ ಓವರ್‌ಗಳ ಸಂಖ್ಯೆ ತಿಳಿಯದೆ ಮೊತ್ತವನ್ನು ಮಾತ್ರ ನೋಡಿದರೆ ಹೇಗೋ ಹಾಗೆ; ಇಲ್ಲಿ ರನ್ ರೇಟ್‌ನ ಸ್ಥಾನದಲ್ಲಿರುವುದು ಒಂದು ಪೊಸೆಷನ್‌ಗೆ ಎಷ್ಟು ಪಾಯಿಂಟ್ ಎಂಬ ಅಳತೆ. ಪೊಸೆಷನ್ ಎಂದರೆ ಚೆಂಡು ಒಂದು ತಂಡದ ವಶಕ್ಕೆ ಬಂದು ಮತ್ತೆ ಎದುರಾಳಿಗೆ ಹೋಗುವವರೆಗಿನ ಒಂದು ಸರದಿ. ಯಾವುದೇ ಪಂದ್ಯದ ಬಾಕ್ಸ್ ಸ್ಕೋರ್‌ನಿಂದ, ಅಂದರೆ ಅಂಕಿ-ಅಂಶಗಳ ಪಟ್ಟಿಯಿಂದ, ಇದನ್ನು ನೀವೇ ಅಂದಾಜು ಮಾಡಬಹುದು: ಫ್ರೀ ಥ್ರೋ ಬಿಟ್ಟು ಬುಟ್ಟಿಗೆ ಎಸೆದ ಒಟ್ಟು ಯತ್ನಗಳಿಂದ ಆಕ್ರಮಣದ ರಿಬೌಂಡ್‌ಗಳನ್ನು (ತಮ್ಮದೇ ಎಸೆತ ತಪ್ಪಿದಾಗ ಮತ್ತೆ ಹಿಡಿದ ಚೆಂಡುಗಳನ್ನು) ಕಳೆಯಿರಿ, ಟರ್ನೋವರ್‌ಗಳನ್ನು (ಎಸೆಯದೆಯೇ ಕಳೆದುಕೊಂಡ ಚೆಂಡುಗಳನ್ನು) ಕೂಡಿಸಿ, ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡೆತಡೆಯಿಲ್ಲದ ಎಸೆತ) ಯತ್ನಗಳನ್ನು 0.475ರಿಂದ ಗುಣಿಸಿ ಅದನ್ನೂ ಸೇರಿಸಿ.

ಈ ಲೆಕ್ಕವನ್ನು ವರ್ಜೀನಿಯಾಕ್ಕೆ ಅನ್ವಯಿಸಿದೊಡನೆ ಚಿತ್ರವೇ ಬದಲಾಗುತ್ತದೆ. ಪಂದ್ಯಕ್ಕೆ ಸರಾಸರಿ 71.4 ಪಾಯಿಂಟ್ ಎಂಬುದು ಸಾಧಾರಣ ಅಂಕಿಯಾಗಿ ಕಾಣುತ್ತದೆ. ಆದರೆ ಮೊದಲ ದರ್ಜೆಯ 353 ತಂಡಗಳ ಪೈಕಿ ಅತ್ಯಂತ ನಿಧಾನವಾಗಿ ಆಡಿದ ತಂಡ ಇದು. 40 ನಿಮಿಷಕ್ಕೆ ಸುಮಾರು 60 ಪೊಸೆಷನ್ ಮಾತ್ರ. ಅಂದರೆ ಸರದಿಗೆ ಹತ್ತಿರ ಹತ್ತಿರ 1.2 ಪಾಯಿಂಟ್. ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅಂಕಿ-ಅಂಶ ತಜ್ಞ ಕೆನ್ ಪೊಮೆರಾಯ್ ಅವರ ಪಟ್ಟಿಯಲ್ಲಿ ಎದುರಾಳಿಗಳ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ವರ್ಷದ ವರ್ಜೀನಿಯಾ ಆಕ್ರಮಣದಲ್ಲಿ ದೇಶಕ್ಕೆ ಎರಡನೆಯದು, ರಕ್ಷಣೆಯಲ್ಲಿ ಐದನೆಯದು, ಒಟ್ಟಿನಲ್ಲಿ ಮೊದಲನೆಯದು. ರಕ್ಷಣೆಯ ತಂಡವೆಂದೇ ಹೆಸರಾಗಿದ್ದ ತಂಡದ ಆಕ್ರಮಣವೇ ಹೆಚ್ಚು ಮೇಲಿತ್ತು ಎಂಬುದು ಟಿ.ವಿ. ನೋಡಿದವರಿಗೆ ಹೊಳೆಯುವ ಸಂಗತಿಯಲ್ಲ. ನಿಧಾನದ ಆಟಕ್ಕೆ ಒಂದು ಬೆಲೆಯೂ ಇದೆ, ಅದನ್ನೂ ಬರೆದಿಡಿ: ಸರದಿಗಳು ಕಡಿಮೆಯಾದಷ್ಟೂ ದುರ್ಬಲ ತಂಡಕ್ಕೆ ಅದೃಷ್ಟ ಒಲಿಯುವ ಸಾಧ್ಯತೆ ಹೆಚ್ಚುತ್ತದೆ, ಹಿಂದೆ ಬಿದ್ದರೆ ಮೇಲೇಳಲು ಸಮಯವೂ ಸಾಲದು.

ಅಂಕಿಗಳ ನಂತರ ಪಂದ್ಯದ ದೃಶ್ಯ. ಪೂರ್ಣ ಪಂದ್ಯದ ವಿಡಿಯೊ ಸಿಕ್ಕರೆ ಮೊದಲ ಹತ್ತು ನಿಮಿಷ ಚೆಂಡಿನ ಮೇಲಿನ ಕಣ್ಣನ್ನು ತೆಗೆದುಬಿಡಿ. ಕಷ್ಟದ ಕೆಲಸವೇ, ಆದರೆ ವರ್ಜೀನಿಯಾದ ರಕ್ಷಣೆ ಬೇರೆ ರೀತಿಯಲ್ಲಿ ಅರ್ಥವಾಗುವುದಿಲ್ಲ. ಇದರ ಹೆಸರು ಪ್ಯಾಕ್ ಲೈನ್. ರೂಪಿಸಿದವರು ಕೋಚ್ ಟೋನಿ ಬೆನೆಟ್ ಅವರ ತಂದೆ, 2000ದಲ್ಲಿ ವಿಸ್ಕಾನ್ಸಿನ್ ತಂಡವನ್ನು ಫೈನಲ್ ಫೋರ್‌ಗೆ, ಅಂದರೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತಕ್ಕೆ, ಒಯ್ದ ಡಿಕ್ ಬೆನೆಟ್. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ ಒಂದು ಕಮಾನಿನ ಗೆರೆಯನ್ನು ಮನಸ್ಸಿನಲ್ಲೇ ಎಳೆದುಕೊಳ್ಳಿ. ಚೆಂಡು ಹಿಡಿದವನ ಮೇಲೆ ಒಬ್ಬ ರಕ್ಷಕ ಗೆರೆಯ ಹೊರಗೆ ಹೋಗಿ ಒತ್ತಡ ಹಾಕುತ್ತಾನೆ; ಉಳಿದ ನಾಲ್ವರೂ ಗೆರೆಯ ಒಳಗೇ ನಿಂತು ನುಗ್ಗುವ ದಾರಿಗಳನ್ನೆಲ್ಲ ಮುಚ್ಚುತ್ತಾರೆ. ಚೆಂಡು ಪಾಸ್ ಆಗಿ ಗಾಳಿಯಲ್ಲಿರುವಾಗಲೇ ಐವರೂ ಒಟ್ಟಿಗೆ ಜಾಗ ಬದಲಿಸುತ್ತಾರೆ. ಅದನ್ನು ಪಡೆಯುವವನ ರಕ್ಷಕ ಹೊರಕ್ಕೆ ಓಡುತ್ತಾನೆ, ಕೊನೆಯ ಎರಡು ಹೆಜ್ಜೆಗಳನ್ನು ಚಿಕ್ಕದಾಗಿಸಿ ಕೈ ಮೇಲೆತ್ತುತ್ತಾನೆ. ಎತ್ತರದ ಆಟಗಾರನಿಗೆ ಬುಟ್ಟಿಯ ಬಳಿ ಚೆಂಡು ಸಿಕ್ಕರೆ ಇನ್ನೊಬ್ಬ ಎತ್ತರದವನು ಬಂದು ಇಬ್ಬರೂ ಸೇರಿ ಅವನನ್ನು ಕಟ್ಟಿಹಾಕುತ್ತಾರೆ. ತಮ್ಮದೇ ಎಸೆತ ತಪ್ಪಿದಾಗ ರಿಬೌಂಡ್‌ಗಾಗಿ ಮುಗಿಬೀಳದೆ ಹೆಚ್ಚಿನವರು ಹಿಂದಕ್ಕೆ ಓಡುವುದನ್ನೂ ಗಮನಿಸಿ. ಎದುರಾಳಿಗೆ ಸುಲಭದ ಬುಟ್ಟಿ ಸಿಗದಿರಲು ಅದೂ ಒಂದು ಕಾರಣ. ಪಂದ್ಯಕ್ಕೆ 56.1 ಪಾಯಿಂಟ್, ಅಂದರೆ ಆ ವರ್ಷ ದೇಶದಲ್ಲೇ ಅತಿ ಕಡಿಮೆ, ಬಿಟ್ಟುಕೊಟ್ಟದ್ದು ಹೀಗೆ.

ಆಕ್ರಮಣವನ್ನು ನೋಡುವಾಗ ಕೈಲ್ ಗೈ ಅವರೊಬ್ಬರನ್ನೇ ಹಿಂಬಾಲಿಸಿದರೆ ಸಾಕು. ಇಬ್ಬರು ಎತ್ತರದ ಆಟಗಾರರು ಎದುರಾಳಿ ರಕ್ಷಕರಿಗೆ ಅಡ್ಡ ನಿಂತು ಸ್ಕ್ರೀನ್ ಕೊಡುತ್ತಿದ್ದರೆ, ಉಳಿದ ಮೂವರು ಅವರನ್ನು ಬಳಸಿಕೊಂಡು ಸುತ್ತುತ್ತಲೇ ಇರುವುದು ಬೆನೆಟ್ ಅವರ ಹಳೆಯ ಕ್ರಮ. 2018–19ರಲ್ಲಿ ಅದರ ಜೊತೆಗೆ, ಚೆಂಡು ಹಿಡಿದವನಿಗೇ ನೇರವಾಗಿ ಸ್ಕ್ರೀನ್ ಕೊಡುವ ಆಟವೂ ಹೆಚ್ಚಾಗಿ ಬಂತು. ಗೈ, ಹಂಟರ್ ಮತ್ತು ಟೈ ಜೆರೋಮ್ ಮೂವರೂ ಮೂರು ಪಾಯಿಂಟಿನ ಎಸೆತಗಳಲ್ಲಿ ಸುಮಾರು 40 ಶೇಕಡಾ ಅಥವಾ ಅದಕ್ಕೂ ಮೇಲೆ ಯಶಸ್ಸು ಕಂಡವರಾದ್ದರಿಂದ ಈ ಹೊಸ ಜೋಡಣೆ ಫಲಿಸಿತು. 5 ಅಡಿ 9 ಅಂಗುಲದ ಹೊಸ ವಿದ್ಯಾರ್ಥಿ ಕಿಹೇ ಕ್ಲಾರ್ಕ್ ಚೆಂಡನ್ನು ಹೊತ್ತು ತರುವ ಹೊಣೆಯಲ್ಲಿ ಪಾಲು ಪಡೆದದ್ದರಿಂದ ಜೆರೋಮ್‌ಗೆ ಬಿಡುವೂ ಸಿಕ್ಕಿತು.

ಗೆಲುವುಗಳನ್ನು ಬೇಗ ದಾಟಿ, ಸೋಲುಗಳ ಬಳಿ ನಿಲ್ಲಿ. ಈ ಋತುವಿನಲ್ಲಿ ಅವು ಮೂರೇ. ಎರಡು ಡ್ಯೂಕ್ ಎದುರು, ಒಂದು ಎಸಿಸಿ ಟೂರ್ನಿಯ ಸೆಮಿಫೈನಲ್‌ನಲ್ಲಿ ಫ್ಲಾರಿಡಾ ಸ್ಟೇಟ್ ಎದುರು. ಡ್ಯೂಕ್‌ನ ಎರಡು ಪಂದ್ಯಗಳನ್ನು ಅಕ್ಕಪಕ್ಕದಲ್ಲಿ ಇಡಿ. ಜನವರಿ 19ರಂದು ಡ್ಯೂಕ್ ತನ್ನ ಅಂಗಣದಲ್ಲಿ 72–70ರಿಂದ ಗೆದ್ದಾಗ ಆರ್.ಜೆ. ಬ್ಯಾರೆಟ್ 30, ಝಯಾನ್ ವಿಲಿಯಮ್ಸನ್ 27 ಪಾಯಿಂಟ್ ಗಳಿಸಿದರು. ಅವರ ನುಗ್ಗುವಿಕೆಯನ್ನು ಪ್ಯಾಕ್ ಲೈನ್ ತಡೆಯಲಾಗಲಿಲ್ಲ. ಫೆಬ್ರುವರಿ 9ರಂದು ವರ್ಜೀನಿಯಾದ ತವರಾದ ಷಾರ್ಲಟ್ಸ್‌ವಿಲ್‌ನಲ್ಲಿ ಡ್ಯೂಕ್ ಮೂರು ಪಾಯಿಂಟಿನ 21 ಯತ್ನಗಳಲ್ಲಿ 13 ಗಳಿಸಿ 81–71ರಿಂದ ಗೆದ್ದಿತು. ಯುಎಂಬಿಸಿಯ 12 ಬುಟ್ಟಿಗಳ ಪಕ್ಕದಲ್ಲಿ ಹಾಕಿದ್ದ ಗುರುತಿಗೆ ಈಗ ಅರ್ಥ ಬರುತ್ತದೆ. ಒಳಗಿನ ಜಾಗವನ್ನು ಮುಚ್ಚುವ ರಕ್ಷಣೆ ಹೊರಗಿನ ಎಸೆತಕ್ಕೆ ಒಂದಿಷ್ಟು ಅವಕಾಶ ಕೊಡಲೇಬೇಕು. ಅವು ಒಂದೇ ಸಮನೆ ಬಿದ್ದ ದಿನ ತಂಡಕ್ಕೆ ಕಷ್ಟ.

ಈಗ ಟೂರ್ನಿಗೆ ಬನ್ನಿ. ಇಲ್ಲಿ ಪ್ರತಿ ಪಂದ್ಯಕ್ಕೂ ಎರಡು ಪ್ರಶ್ನೆ ಕೇಳಬೇಕು: ಋತುವಿಡೀ ಕಂಡ ರೂಢಿಯಿಂದ ಬಂದದ್ದು ಯಾವುದು, ಆ ಕ್ಷಣಕ್ಕೆ ಒಲಿದದ್ದು ಯಾವುದು? ಮೊದಲ ಸುತ್ತಿನಲ್ಲಿ 16ನೇ ಶ್ರೇಯಾಂಕದ ಗಾರ್ಡ್ನರ್–ವೆಬ್ ಎದುರು ವರ್ಜೀನಿಯಾ ಮೊದಲಾರ್ಧದಲ್ಲೇ 14 ಪಾಯಿಂಟ್ ಹಿಂದೆ ಬಿತ್ತು. ಹಿಂದಿನ ವರ್ಷದ ನೆನಪು ಯಾರಿಗೆ ಬಾರದಿದ್ದೀತು? ಆದರೂ ಕೊನೆಗೆ 71–56ರಿಂದ ಗೆದ್ದಿತು, ಅದು ರೂಢಿಯ ಗೆಲುವು. ಓಕ್ಲಹೋಮ ಮತ್ತು ಆರೆಗನ್ ಎದುರಿನ 63–51, 53–49 ಎಂಬ ಫಲಿತಾಂಶಗಳೂ ಅದೇ ಜಾತಿಯವು, ಹೆಚ್ಚು ಹೊತ್ತು ಬೇಡುವುದಿಲ್ಲ.

ಪರ್ಡೂ ಎದುರಿನ ಪಂದ್ಯದ ಕೊನೆಯ ಆರು ಸೆಕೆಂಡ್‌ಗಳನ್ನು ಮಾತ್ರ ನಿಲ್ಲಿಸಿ ನಿಲ್ಲಿಸಿ ನೋಡಿ. ಪರ್ಡೂವಿನ ಕಾರ್ಸನ್ ಎಡ್ವರ್ಡ್ಸ್ ಆ ದಿನ ಹತ್ತು ಬಾರಿ ಮೂರು ಪಾಯಿಂಟಿನ ಬುಟ್ಟಿ ಹಾಕಿ 42 ಪಾಯಿಂಟ್ ಗಳಿಸಿದ್ದರು; ಹಳೆಯ ದೌರ್ಬಲ್ಯವೇ ಮತ್ತೆ. ವರ್ಜೀನಿಯಾ ಮೂರು ಪಾಯಿಂಟ್ ಹಿಂದಿದ್ದಾಗ ಜೆರೋಮ್ ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದನ್ನು ಹಾಕಿ, ಎರಡನೆಯದನ್ನು ತಪ್ಪಿಸಿಕೊಂಡರು. ಮಮಾಡಿ ಡಿಯಾಕಿಟೆ ಚೆಂಡನ್ನು ಹಿಂದಕ್ಕೆ ತಟ್ಟಿದರು; ಅದು ಅಂಗಣದ ನಡುಗೆರೆಯನ್ನೂ ದಾಟಿ ಉರುಳಿತು. ಕ್ಲಾರ್ಕ್ ಬೆನ್ನಟ್ಟಿ ಹಿಡಿದು, ಅಷ್ಟು ದೂರದಿಂದ ತಾವೇ ಎಸೆಯುವ ಆಸೆಗೆ ಬೀಳದೆ, ಬುಟ್ಟಿಯ ಸಮೀಪವಿದ್ದ ಡಿಯಾಕಿಟೆಗೆ ಉದ್ದನೆಯ ಪಾಸ್ ಕೊಟ್ಟರು. ಡಿಯಾಕಿಟೆ ಎಸೆದ ಚೆಂಡು ಗಾಳಿಯಲ್ಲಿರುವಾಗಲೇ ಸಮಯ ಮುಗಿಯಿತು, 70–70. ಹೆಚ್ಚುವರಿ ಅವಧಿಯ ನಂತರ ವರ್ಜೀನಿಯಾ 80–75ರಿಂದ ಗೆದ್ದಿತು. ಚೆಂಡು ಆ ದಿಕ್ಕಿಗೆ ಉರುಳಿದ್ದು ಅದೃಷ್ಟ; ಆ ಹೊತ್ತಿನಲ್ಲೂ ಪಾಸ್ ಕೊಟ್ಟದ್ದು ಅಭ್ಯಾಸ ಎಂದು ನನ್ನ ಎಣಿಕೆ.

ಸೆಮಿಫೈನಲ್‌ನಲ್ಲಿ ಹತ್ತು ಪಾಯಿಂಟಿನ ಮುನ್ನಡೆಯನ್ನು ಕಳೆದುಕೊಂಡು, ಆಬರ್ನ್ ಎದುರು ಇನ್ನೇನು ಸೋತಂತೆ ಎನ್ನುವಾಗ 0.6 ಸೆಕೆಂಡ್ ಉಳಿದಿರಲು ಗೈ ಅವರ ಮೂರು ಪಾಯಿಂಟಿನ ಎಸೆತದ ಮೇಲೆ ಫೌಲ್ ದೊರೆಯಿತು. ಗೈ ಮೂರು ಫ್ರೀ ಥ್ರೋಗಳನ್ನೂ ಹಾಕಿದರು, 63–62. ಅದಕ್ಕೆ ಸ್ವಲ್ಪ ಮೊದಲು ಜೆರೋಮ್ ಮಾಡಿದ ಡಬಲ್ ಡ್ರಿಬಲ್‌ಗೆ (ಚೆಂಡು ಪುಟಿಸುವುದನ್ನು ನಿಲ್ಲಿಸಿ ಮತ್ತೆ ಪುಟಿಸುವ ತಪ್ಪಿಗೆ) ರೆಫರಿಗಳು ಸೀಟಿ ಊದಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಇದನ್ನೂ ಮುಚ್ಚಿಡದೆ ಬರೆಯಿರಿ. ಅಭಿಮಾನಿಯ ನೋಟಕ್ಕೂ ಓದುಗನ ನೋಟಕ್ಕೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುವುದು.

ಫೈನಲ್ ನಡೆದದ್ದು ಏಪ್ರಿಲ್ 8ರ ರಾತ್ರಿ ಮಿನಿಯಾಪೊಲಿಸ್‌ನಲ್ಲಿ. ನಮ್ಮಲ್ಲಿ ಆಗ ಮರುದಿನ ಬೆಳಗಿನ ಕಾಫಿಯ ಹೊತ್ತು. ಟೆಕ್ಸಸ್ ಟೆಕ್ ಮೂರು ಪಾಯಿಂಟ್ ಮುಂದಿದ್ದಾಗ, ಸುಮಾರು 13 ಸೆಕೆಂಡ್ ಉಳಿದಿರಲು, ಜೆರೋಮ್ ಒಳನುಗ್ಗಿ ಮೂಲೆಯಲ್ಲಿದ್ದ ಹಂಟರ್‌ಗೆ ಚೆಂಡು ದಾಟಿಸಿದರು, 68–68. ಹೆಚ್ಚುವರಿ ಐದು ನಿಮಿಷಗಳಲ್ಲಿ ವರ್ಜೀನಿಯಾ ತನಗೆ ಸಿಕ್ಕ 12 ಫ್ರೀ ಥ್ರೋಗಳನ್ನೂ ಹಾಕಿ 85–77ರಿಂದ ಗೆದ್ದಿತು. ಹಂಟರ್ 27, ಗೈ 24. ಕೊನೆಯ ಮೂರು ಪಂದ್ಯಗಳಲ್ಲಿ ಮೂರೂ ನಿಗದಿತ ಸಮಯದ ಕಡೆಯ ಸೆಕೆಂಡ್‌ಗಳಲ್ಲಿ ಕೈತಪ್ಪುವಂತಿದ್ದವು ಎಂಬುದನ್ನು ಪಟ್ಟಿ ತೋರಿಸುತ್ತದೆ. ಅವುಗಳಲ್ಲಿ ಒಂದು ಹೋಗಿದ್ದರೂ ತಂಡದ ಬಲ ಕಡಿಮೆಯಾಗುತ್ತಿರಲಿಲ್ಲ, ನಮ್ಮ ಮಾತು ಮಾತ್ರ ಬದಲಾಗುತ್ತಿತ್ತು.

ಇನ್ನೊಂದು ಸಾಲು ಪಟ್ಟಿಯ ಕೆಳಗೆ ಸೇರಿಸಬೇಕು, ಅದು ಮುಂದಿನ ಋತುವಿನದು. ಹಂಟರ್, ಜೆರೋಮ್, ಗೈ ಮೂವರೂ ವೃತ್ತಿಪರ ಲೀಗ್‌ ಎನ್‌ಬಿಎ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2019ರ ಡ್ರಾಫ್ಟ್‌ನಲ್ಲಿ ಕ್ರಮವಾಗಿ 4, 24 ಮತ್ತು 55ನೇ ಆಯ್ಕೆಯಾಗಿ ಹೊರಟುಹೋದರು. ಮೂರು ಪಾಯಿಂಟಿನ ಗೆರೆಯೂ 20 ಅಡಿ 9 ಅಂಗುಲದಿಂದ 22 ಅಡಿ ಒಂದೂಮುಕ್ಕಾಲು ಅಂಗುಲಕ್ಕೆ ಸರಿಯಿತು. 2019–20ರಲ್ಲಿ ವರ್ಜೀನಿಯಾ 23 ಗೆದ್ದು 7 ಸೋತಿತು, ಕೋವಿಡ್‌ನಿಂದಾಗಿ ರಾಷ್ಟ್ರೀಯ ಟೂರ್ನಿ ನಡೆಯಲೇ ಇಲ್ಲ. ಆ ವರ್ಷ ತಂಡ ಬಿಟ್ಟುಕೊಟ್ಟದ್ದು ಪಂದ್ಯಕ್ಕೆ 52.4 ಪಾಯಿಂಟ್, ಮತ್ತೆ ದೇಶದಲ್ಲೇ ಅತಿ ಕಡಿಮೆ. ಗಳಿಸಿದ್ದು ಮಾತ್ರ 71.4ರಿಂದ 57ಕ್ಕೆ ಇಳಿಯಿತು. ರಕ್ಷಣೆ ಬೆನೆಟ್ ಅವರ ಪದ್ಧತಿಯದು, 2024ರಲ್ಲಿ ನಿವೃತ್ತರಾದ ಅವರು ಇದ್ದಷ್ಟು ಕಾಲ ಉಳಿಯುವಂಥದಾಗಿತ್ತು; ಕಪ್ ತಂದ ಆಕ್ರಮಣ ಬಹುಮಟ್ಟಿಗೆ ಆ ಮೂವರದು ಎಂದು ಈ ಎರಡು ಸಾಲುಗಳನ್ನು ಜೊತೆಗಿಟ್ಟು ಓದಿದಾಗ ಹೇಳಬಹುದು.