ಪಾರ್ಚ್‌ಮೆಂಟ್ ಕಾಫಿ ಒಣಗಿಸಿದ ಹಾಗೆ ಕಡತ ಒಣಗಿಸಿದೆ

ಕಾಫಿ ಎಸ್ಟೇಟಿನ ಹಳೆ ಕಾಗದಗಳನ್ನು ಒಣಗಿಸಿ ಡಬ್ಬದಲ್ಲಿಟ್ಟು ಮೂರು ಮಳೆಗಾಲ ದಾಟಿತು, ಒಂದು ಪುಟಕ್ಕೂ ಬೂಷ್ಟು ಹಿಡಿದಿಲ್ಲ. ಎಸಿ ಇಲ್ಲದೆ ಆಗಲ್ಲ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕ್ಯಾಂಪಸ್ ಇರುವುದು ಮೂಡಿಗೆರೆ ಕಡೆಯ ಒಂದು ಹಳೆ ಕಾಫಿ ಎಸ್ಟೇಟಿನ ಜಾಗದಲ್ಲಿ. ದೊರೆ ಬಂಗಲೆಯೇ ಈಗ ಕಚೇರಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಪಲ್ಪರ್ ಮನೆಯೇ ಲ್ಯಾಬ್. ಎಸ್ಟೇಟಿನವರು ಬಿಟ್ಟುಹೋದ ಕಾಗದವೆಲ್ಲ ಬಂಗಲೆಯ ಹಿಂದಿನ ಕೋಣೆಯಲ್ಲಿ ರಾಶಿ ಬಿದ್ದಿತ್ತು. ಚೆಕ್‌ರೋಲು ಅಂದರೆ ಆಳುಗಳ ಹಾಜರಿ-ಕೂಲಿ ಪುಸ್ತಕ, ಮಳೆ ಲೆಕ್ಕದ ಪುಸ್ತಕ, ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿದ್ದ ಪೂಲ್ ಕಾಲದ ರಸೀದಿ, ಟ್ರೇಸಿಂಗ್ ಬಟ್ಟೆಯ ನಕ್ಷೆಗಳು. ಈ ಜಾಗ ಹೇಗಿತ್ತು, ಇಲ್ಲಿ ಯಾರು ದುಡಿದರು ಅನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ.

ಮಲೆನಾಡಿನಲ್ಲಿ ಎಸಿ ಇಲ್ಲದೆ ಕಾಗದ ಉಳಿಯಲ್ಲ, ಬೆಂಗಳೂರಿಗೆ ಕಳಿಸಿಬಿಡಿ ಅಂದರು. ಎಸಿ, ರ‍್ಯಾಕು ಎಲ್ಲ ಸೇರಿ ಒಬ್ಬರು ಕೊಟ್ಟ ಕೊಟೇಶನ್ ನಾಲ್ಕೂವರೆ ಲಕ್ಷದ ಆಸುಪಾಸು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಆ ಎಸಿ ಏನು ಮಾಡುತ್ತೆ? ಈ ಪ್ರಶ್ನೆಗೆ ಯಾರಿಂದಲೂ ಉತ್ತರ ಬರಲಿಲ್ಲ.

ಮೊದಲು ಲ್ಯಾಮಿನೇಶನ್ ಮಾಡಿಸಿದೆ. ಇಪ್ಪತ್ತು ಹಾಳೆ, ಎಂಟುನೂರು ರೂಪಾಯಿ ಚಿಲ್ಲರೆ. ಆ ಪ್ಲಾಸ್ಟಿಕ್ ಅನ್ನು ಈಗ ಬಿಡಿಸೋಕೂ ಆಗಲ್ಲ. ಕಡತದಿಂದ ಆ ಇಪ್ಪತ್ತು ಹಾಳೆ ಹೋದ ಹಾಗೆಯೇ. ಇವತ್ತಿಗೂ ನೋಡಿದರೆ ಸಂಕಟವಾಗುತ್ತೆ. ಯಾರೂ ಅದನ್ನು ಮಾಡಬೇಡಿ.

ಆಮೇಲೆ ನಮ್ಮ ಮನೆಯ ಅಟ್ಟ. ಒಲೆಯ ಮೇಲಿನ ಅಟ್ಟದಲ್ಲಿ ಮೆಣಸು, ಬಿತ್ತನೆ ಬೀಜ ಕೆಡದೆ ಇರುತ್ತಲ್ವಾ, ಕಾಗದವೂ ಇರಬಹುದು ಅನ್ನಿಸಿತು. ಹಳೆ ದಿನಪತ್ರಿಕೆ ಕಟ್ಟಿಟ್ಟು ಒಂದು ಮಳೆಗಾಲ ನೋಡಿದೆ. ಹುಳ ಬರಲಿಲ್ಲ, ನಿಜ. ಆದರೆ ಕಾಗದ ಹೊಗೆ ಕುಡಿದು ಕಂದು ತಿರುಗಿತು, ಮಡಚಿದಲ್ಲಿ ಮುರಿಯಿತು. ಪುಣ್ಯಕ್ಕೆ ಅಸಲಿ ಕಾಗದ ಇಟ್ಟಿರಲಿಲ್ಲ.

ಮೂರನೆಯದು ದೊಡ್ಡ ಪೆಟ್ಟು. ಅಕ್ಟೋಬರಿನಲ್ಲಿ ಮಳೆ ನಿಂತಿತಲ್ಲ ಅಂತ ಗಾಳಿಯಾಡದ ಡಬ್ಬ ತಂದು ಚೆಕ್‌ರೋಲುಗಳನ್ನು ತುಂಬಿ ಮುಚ್ಚಿದೆ. ಡಿಸೆಂಬರಿನಲ್ಲಿ ತೆಗೆದರೆ ಎರಡು ಡಬ್ಬದಲ್ಲಿ ಹಸಿರು ಬೂಷ್ಟು. ಕಾಗದಕ್ಕೆ ಗಾಳಿ ಬೇಕು, ಡಬ್ಬ ಅಂದರೆ ಗೋರಿ ಅಂತ ಮೊದಲೇ ಹೇಳಿದ್ದವರ ಮಾತೇ ಗೆದ್ದಿತು.

ಆ ದಿನ ಎಸ್ಟೇಟಿನ ಹಳೆ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಒಬ್ಬರು ಬಂದಿದ್ದರು. ಎಂಬತ್ತು ದಾಟಿದವರು. ಡಬ್ಬ ನೋಡಿ ಒಂದೇ ಮಾತು ಕೇಳಿದರು: "ಪಾರ್ಚ್‌ಮೆಂಟ್ ಹಸಿ ಇರುವಾಗ ಯಾರಾದ್ರೂ ಮೂಟೆ ಕಟ್ತಾರಾ ಮೇಷ್ಟ್ರೇ?"

ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ, ಹೊಟ್ಟು ಇನ್ನೂ ಇರುವ ಕಾಫಿ ಬೀಜ. ತಪ್ಪು ಡಬ್ಬದ್ದಲ್ಲ, ತಿಂಗಳಿನದು: ಅಕ್ಟೋಬರಿನಲ್ಲಿ ಕಾಗದ ಇನ್ನೂ ಹಸಿ. ಕಣದಲ್ಲಿ ಫೋರ್ಲಿಟ್ (ನಲವತ್ತು ಲೀಟರಿನ ಅಳತೆ) ತೂಕ ನೋಡುತ್ತಾರೆ. ಒಂದೇ ಅಳತೆ ಪಾರ್ಚ್‌ಮೆಂಟನ್ನು ಮತ್ತೆ ಮತ್ತೆ ತೂಗಿ, ತೂಕ ಇಳಿಯುವುದು ನಿಂತ ಮೇಲೇ ಮೂಟೆ. ನಾನೂ ಹಾಗೇ ಮಾಡಿದೆ. ಜನವರಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ಗಾಳಿಯ ತೇವದ ಮೀಟರ್ ಶೇಕಡಾ ನಲವತ್ತೈದರ ಸುತ್ತ ಇರುವಾಗ, ಪುಸ್ತಕಗಳನ್ನು ನೆರಳಲ್ಲಿ ಬೀಸಣಿಗೆ ಹಾಗೆ ಬಿಡಿಸಿ ನಿಲ್ಲಿಸಿದೆ. ಬಿಸಿಲಿಗೆ ಮಾತ್ರ ಬೇಡ. ಸಂಜೆ ಇಬ್ಬನಿಗೆ ಮೊದಲೇ ಬಟ್ಟೆ ಸುತ್ತಿ ಒಳಗೆ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ಒಂದೇ ಲೆಡ್ಜರ್ ತೂಗಿದೆ. ಮೊದಲ ದಿನ ಎರಡು ಕೆಜಿ ನೂರ ನಲವತ್ತು ಗ್ರಾಂ ಇದ್ದದ್ದು ಒಂಬತ್ತೋ ಹತ್ತೋ ದಿನಕ್ಕೆ ಎರಡು ಕೆಜಿ ಅರವತ್ತಕ್ಕೆ ಬಂದು ನಿಂತಿತು. ಎಂಬತ್ತು ಗ್ರಾಂ ನೀರು! ಅದನ್ನೇ ನಾನು ಅಕ್ಟೋಬರಿನಲ್ಲಿ ಡಬ್ಬದೊಳಗೆ ಕೂಡಿಹಾಕಿದ್ದೆ.

ತೂಕ ನಿಂತ ಮೇಲೆ ಒಗೆದ ಹಳೆ ಪಂಚೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿ ಮುಚ್ಚಿದೆ. ಮತ್ತೆ ತೆಗೆದದ್ದು ಡಿಸೆಂಬರಿನಲ್ಲೇ. ಯಾರು ಬಂದು ಕೇಳಿದರೂ ಮಳೆಗಾಲದಲ್ಲಿ ತೆರೆಯಲ್ಲ, ಫೋಟೋ ತೆಗೆದಿಟ್ಟ ಪ್ರತಿ ತೋರಿಸ್ತೇನೆ. ಜೆಲ್ ಯಾವ ಅಳತೆಯಲ್ಲಿ, ಎಲ್ಲಿ ಇಡಬೇಕು ಅನ್ನುವುದನ್ನು ಇಲ್ಲಿ ಬರೆಯಲ್ಲ. ಡಬ್ಬ ತೆರೆಯದೆ ಒಳಗಿನ ತೇವ ತಿಳಿಯುವ ಉಪಾಯವೂ ಒಂದಿದೆ. ಬಂದವರಿಗೆ ತೋರಿಸ್ತೇನೆ.

ಖರ್ಚು? ಡಬ್ಬ ಇಪ್ಪತ್ತನಾಲ್ಕು, ತಲಾ ನಾನೂರರ ಹತ್ತಿರ. ಜೆಲ್ಲಿಗೆ ಮೂರೂವರೆ ಸಾವಿರ. ಮೀಟರು, ತಕ್ಕಡಿ, ಬ್ರಷ್ಷು, ಕೈಗವಸು ಎಲ್ಲ ಸೇರಿ ಹದಿನೇಳು ಸಾವಿರ ದಾಟಿಲ್ಲ. ಅದರಲ್ಲಿ ಆರು ಸಾವಿರ ನನ್ನ ಜೇಬಿನದು, ಬಿಲ್ ಪಾಸಾಗಲಿಲ್ಲ.

ನಡುವೆ ಇನ್ನೊಂದು ಪ್ರಯೋಗ. ಹುಳ ಬಿದ್ದ ಏಳು ಪುಸ್ತಕಗಳನ್ನು ಪಾಲಿಥಿನ್‌ನಲ್ಲಿ ಬಿಗಿಯಾಗಿ ಕಟ್ಟಿ, ಪರಿಚಯದ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಮೈನಸ್ 20ಕ್ಕೆ ಎರಡು ವಾರ ಇಟ್ಟೆ. ಹೊರಗೆ ತೆಗೆದ ಮೇಲೂ ಒಂದು ದಿನ ಕಟ್ಟು ಬಿಚ್ಚಲಿಲ್ಲ. ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತೆ. ಆಮೇಲೆ ಹುಳದ ಪುಡಿ ಉದುರಿಲ್ಲ. ನುಸಿಗುಳಿಗೆ ವಾಸನೆ ಕುಡಿಯುವುದಕ್ಕಿಂತ ಇದು ಎಷ್ಟೋ ಮೇಲು.

ಉಳಿಸಿದ್ದು ಏನು ಅಂತ ಕೇಳಿದರೆ ನಾನು 1957ರ ಚೆಕ್‌ರೋಲ್ ತೆಗೆಯುತ್ತೇನೆ. ಮಾರ್ಚಿನವರೆಗೆ ಕೂಲಿ ರೂಪಾಯಿ, ಆಣೆ, ಪೈ. ಏಪ್ರಿಲ್ 1ರಿಂದ ನಯಾಪೈಸೆ ಬಂತಲ್ಲ. ಆ ಪುಟದಲ್ಲಿ ರೈಟರ್ ಅಭ್ಯಾಸಬಲದಿಂದ 1-4-0 (ಒಂದು ರೂಪಾಯಿ ನಾಲ್ಕಾಣೆ) ಅಂತ ಬರೆದು, ಗೆರೆ ಎಳೆದು, ಪಕ್ಕದಲ್ಲಿ 1.25 ಅಂತ ತಿದ್ದಿದ್ದಾರೆ. ಅದರ ಮುಂದೆ ಸಾಲಾಗಿ ಹೆಬ್ಬೆಟ್ಟಿನ ಗುರುತು. ಒಂದು ಗುರುತಿನಲ್ಲಿ ಬೆರಳಿನ ಗಾಯದ ಗೆರೆಯೂ ಕಾಣುತ್ತೆ.

ಈಗ ಉಳಿದಿರುವುದು ನಕ್ಷೆಗಳು. ಒಂದಕ್ಕೆ ತಾರೀಖೇ ಇಲ್ಲ. ಆದರೆ ಒಂದು ಬ್ಲಾಕಿನ ಮೇಲೆ ಪೆನ್ಸಿಲಿನಲ್ಲಿ 'ಎಸ್.795' ಅಂತಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಆ ಕಾಫಿ ತಳಿ ತೋಟಗಳಿಗೆ ಬಂದದ್ದು 1940ರ ದಶಕದ ನಡುವೆ. ಹಾಗಾಗಿ ಪೆನ್ಸಿಲ್ ಗುರುತು ಅದರ ಈಚಿನದು, ಶಾಯಿಯ ನಕ್ಷೆ ಅದಕ್ಕಿಂತ ಹಳೆಯದಿರಬಹುದು. ಟ್ರೇಸಿಂಗ್ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ಒಂದು ಹನಿ ನೀರು ಬಿದ್ದರೂ ಕಲೆ. ಸುರುಳಿ ಬಿಡಿಸಲು ಆವಿ ಹಿಡಿಯುವ ಹಾಗಿಲ್ಲ. ಹೊರಗೆ ಮಳೆ ಇನ್ನೂ ಬಿಟ್ಟಿಲ್ಲ, ಜನವರಿವರೆಗೆ ಅವನ್ನು ಮುಟ್ಟಲ್ಲ.